ಗಾಳಿ ತಿರುಗಿದರೆ ಎಲ್ಲಿಗೆ?

ಎಕ್ಸೆಲ್ ಶೀಟನ್ನು ದೊಡ್ಡಪ್ಪನಿಗೆ ತೋರಿಸಿದ್ದೇ ತಪ್ಪಾಯಿತು.

ತೋರಿಸುವಾಗ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಮೂರು ವಾರ ರಾತ್ರಿ ಕೂತು ಮಾಡಿದ ಶೀಟ್ ಅದು. ಅಕ್ಟೋಬರಿನಲ್ಲಿ ಸೇಷೆಲ್ಸ್, 7 ರಾತ್ರಿ, ಬಾಡಿಗೆಗೆ ಹಿಡಿದ ಹಾಯಿದೋಣಿಯಲ್ಲಿ. ದಿನಕ್ಕೊಂದು ಬಣ್ಣ. ಬೆಳಗ್ಗೆ ಯಾವ ದ್ವೀಪ, ಮಧ್ಯಾಹ್ನದ ಊಟ ಎಲ್ಲಿ, ಸಂಜೆ ಸೂರ್ಯ ಮುಳುಗುವಾಗ ಯಾವ ಬೀಚಿನಲ್ಲಿ ಇರಬೇಕು, ಎಲ್ಲಾ ಗಂಟೆ ಸಮೇತ. ಆಫೀಸಿನಲ್ಲಿ ಹದಿನೆಂಟು ವರ್ಷ ಪ್ರಾಜೆಕ್ಟ್ ಪ್ಲಾನ್ ಮಾಡಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ.

ದೊಡ್ಡಪ್ಪ ಗಂಗೊಳ್ಳಿಯಲ್ಲಿ ಮೂವತ್ತು ವರ್ಷ ಮೀನಿನ ಬೋಟಿನಲ್ಲಿ ದುಡಿದವರು. ಈಗ 76. ಏಪ್ರಿಲ್ ರಜೆಗೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಅವರು ಕನ್ನಡಕ ಹಾಕಿಕೊಂಡು ಪರದೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು.

"ಗಾಳಿ ತಿರ್ಗಿರೆ ಎಲ್ಲಿಗ್ ಹೋಪುದ್ ಮಾರಾಯಾ?"

ನನ್ನ ಶೀಟಿನಲ್ಲಿ 14 ಕಾಲಂ ಇದ್ದವು. ಗಾಳಿಗೆ ಒಂದೂ ಇರಲಿಲ್ಲ.

ಇದೆಲ್ಲ ಶುರುವಾದದ್ದು ವಾಟ್ಸ್ಯಾಪ್‌ನಲ್ಲಿ. ಹಾಸ್ಟೆಲ್ ದಿನಗಳ ಮೂವರು ಗೆಳೆಯರು, ಈಗ ಮೂರು ಸಂಸಾರ. ಎಲ್ಲಿಗಾದರೂ ಒಟ್ಟಿಗೆ ಹೋಗೋಣ ಎಂಬ ಮಾತು ಆ ಗುಂಪಿನಲ್ಲಿ ಐದು ವರ್ಷದಿಂದ ಹಾಗೇ ಬಿದ್ದಿತ್ತು. ಮೊದಲು ಮಾಲ್ಡೀವ್ಸ್ ಎಂದರು. ನೀರಿನ ಮೇಲೆ ಮರದ ಕೋಣೆ, ಎಲ್ಲರ ಸ್ಟೇಟಸ್ಸಿನಲ್ಲೂ ನೋಡಿ ನೋಡಿ ಸಾಕಾದ ಅದೇ ಫೋಟೋ. ಗೆಳೆಯನ ಹೆಂಡತಿ ಒಬ್ಬರು ಬರೆದರು: "ಏಳು ದಿನ ಒಂದೇ ಕೋಣೇಲಿ ಕೂತು ಒಂದೇ ಸಮುದ್ರ ನೋಡೋಕೆ ಅಷ್ಟು ದುಡ್ಡಾ? ಕೋಣೆಯೇ ತಿರುಗಾಡೋ ಹಾಗಿದ್ರೆ ಹೇಳಿ, ಬರ್ತೀನಿ." ತಮಾಷೆಗೆ ಹೇಳಿದ್ದು. ಅದೇ ರಾತ್ರಿ ನಾನು ತಿರುಗಾಡುವ ಕೋಣೆ ಹುಡುಕಲು ಕೂತೆ.

ಸಿಕ್ಕಿದ್ದು ಯಾಟ್, ಒಳಗೇ ಮಲಗುವ ಕೋಣೆಗಳಿರುವ ದೋಣಿ. ಯಾಟ್ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಸಿನಿಮಾದ ಶ್ರೀಮಂತ ವಿಲನ್, ಬಿಳಿ ಪ್ಯಾಂಟು, ಕೈಯಲ್ಲಿ ಗ್ಲಾಸು. ನಿಜ ಅಷ್ಟು ದೂರದ್ದಲ್ಲ. 1969ರಲ್ಲಿ ಚಾರ್ಲಿ ಮತ್ತು ಜಿನ್ನಿ ಕ್ಯಾರಿ ಎಂಬ ಅಮೆರಿಕದ ದಂಪತಿ ಕೆರಿಬಿಯನ್ನಿನ ಟಾರ್ಟೋಲಾ ದ್ವೀಪದಲ್ಲಿ ಆರು ಹಾಯಿದೋಣಿ ಇಟ್ಟುಕೊಂಡು ದಿ ಮೂರಿಂಗ್ಸ್ ಎಂಬ ಕಂಪನಿ ಶುರುಮಾಡಿದರು. ಸ್ವಂತ ದೋಣಿ ಕೊಳ್ಳಲಾಗದವರಿಗೆ ವಾರದ ಮಟ್ಟಿಗೆ ಬಾಡಿಗೆಗೆ ಕೊಡುವುದು, ಅಷ್ಟೇ ಯೋಚನೆ. ಇವತ್ತು ಅದೇ ಪದ್ಧತಿ ಗ್ರೀಸಿನಿಂದ ಥಾಯ್ಲೆಂಡಿನವರೆಗೆ ಹರಡಿದೆ. ನಾಲ್ಕು ಕ್ಯಾಬಿನ್ನಿನ ದೋಣಿಯ ವಾರದ ಬಾಡಿಗೆಯನ್ನು ಮೂರು ಮನೆಗೆ ಹಂಚಿ ನೋಡಿದೆ. ಆ ಮರದ ಕೋಣೆಗಳ ಬಾಡಿಗೆಗಿಂತ ಭಾರೀ ಜಾಸ್ತಿಯೇನೂ ಆಗಲಿಲ್ಲ. ಕಡಿಮೆಯೂ ಅಲ್ಲ, ಅದು ಬೇರೆ ಮಾತು.

ಬಾಡಿಗೆಯಲ್ಲಿ ಮೂರು ಬಗೆ. ಬೇರ್‌ಬೋಟ್ ಅಂದರೆ ಬರೀ ದೋಣಿ. ಸೆಲ್ಫ್ ಡ್ರೈವ್ ಕಾರಿನ ಹಾಗೆ ಕೀಲಿ ಕೊಡುತ್ತಾರೆ, ಮುಂದಿನದು ನಮ್ಮ ಹಣೆಬರಹ. ಅದಕ್ಕೆ ಗುಂಪಿನಲ್ಲಿ ಒಬ್ಬರಿಗಾದರೂ ಹಾಯಿದೋಣಿ ನಡೆಸುವ ಸರ್ಟಿಫಿಕೇಟ್ ಬೇಕು, ಎಲ್ಲೆಲ್ಲಿ ನಡೆಸಿದ್ದೀರಿ ಎಂಬ ವಿವರವನ್ನೂ ಕೇಳುತ್ತಾರೆ. ಎರಡನೆಯದರಲ್ಲಿ ದೋಣಿಯ ಜೊತೆ ಅದನ್ನು ನಡೆಸುವ ಸ್ಕಿಪ್ಪರ್ ಬರುತ್ತಾರೆ. ಅಡುಗೆ, ಪಾತ್ರೆ, ಕಸ ನಮ್ಮದೇ. ಮೂರನೆಯದರಲ್ಲಿ ಅಡುಗೆಯವರು, ಕೆಲಸದವರು ಎಲ್ಲ ಇರುತ್ತಾರೆ, ನಾವು ಮಲಗಿರುವುದು. ಗೆಳೆಯನೊಬ್ಬನಿಗೆ ಯೂಟ್ಯೂಬ್ ನೋಡಿ ಬೇರ್‌ಬೋಟಿನ ಹುಮ್ಮಸ್ಸು ಬಂತು. ಎರಡು ದಿನದ ಕೋರ್ಸ್ ಮಾಡಿದರೆ ಸಾಕು ಅಂದ. ಬೆಂಗಳೂರಿನಲ್ಲಿ ಪ್ಯಾರಲಲ್ ಪಾರ್ಕಿಂಗ್ ಮಾಡಲು ವಾಚ್‌ಮನ್ ಕರೆಯುವ ಮನುಷ್ಯ ಅವನು. ಸ್ಕಿಪ್ಪರ್ ಇರಲಿ ಎಂದು ಏಳು ವೋಟು, ಬೇಡ ಎಂದು ಒಂದು.

ದೋಣಿ ಯಾವುದು ಎಂಬುದಕ್ಕೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಒಂದೇ ಒಡಲಿನ ಹಾಯಿದೋಣಿ ಗಾಳಿಗೆ ಒಂದು ಮಗ್ಗುಲಿಗೆ ವಾಲಿಕೊಂಡೇ ಓಡುತ್ತದೆ. ನೋಡಲು ಚೆಂದ, ಆದರೆ ಒಲೆಯ ಮೇಲಿನ ಸಾರು ನೆಲಕ್ಕೆ ಬರುತ್ತದೆ. ಎರಡು ಒಡಲಿನ ಕ್ಯಾಟಮರಾನ್ ಅಷ್ಟು ವಾಲುವುದಿಲ್ಲ, ಜಾಗವೂ ಜಾಸ್ತಿ, ಆಳ ಕಡಿಮೆ ಇರುವಲ್ಲಿಗೂ ಹೋಗಬಲ್ಲದು. ಹೆಸರು ಕೇಳಿದರೆ ಫ್ರಾನ್ಸಿನದು ಅನಿಸುತ್ತದೆ. ಮೂಲ ತಮಿಳಿನ ಕಟ್ಟುಮರಂ. ಮರದ ದಿಮ್ಮಿ ಕಟ್ಟಿಕೊಂಡು ಮೀನಿಗೆ ಹೋಗುತ್ತಿದ್ದವರ ಪದ ಈಗ ಯೂರೋದಲ್ಲಿ ಬಾಡಿಗೆಗೆ ಸಿಗುತ್ತಿದೆ.

ಎಲ್ಲಿ, ಯಾವಾಗ ಎಂಬಲ್ಲಿ ಸಿಕ್ಕಿಬಿದ್ದೆವು. ನಮಗೆ ರಜೆ ಸಿಗುವುದು ಮಕ್ಕಳ ಶಾಲೆಯ ಲೆಕ್ಕದಲ್ಲಿ. ಬೇಸಿಗೆ, ಇಲ್ಲವೇ ದಸರಾ. ಟಾರ್ಟೋಲಾ ಇರುವ ಬ್ರಿಟಿಷ್ ವರ್ಜಿನ್ ದ್ವೀಪಗಳು ಈ ಬಾಡಿಗೆ ದೋಣಿಗಳ ತವರು. ಆದರೆ ಅಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಬಂದಾಗ ಬಂದರಿನಲ್ಲಿ ಕಟ್ಟಿದ್ದ ದೋಣಿಗಳು ಆಟಿಕೆಯ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಪುಕೆಟ್ ಅಗ್ಗ, ಹತ್ತಿರ. ಆದರೆ ಅಲ್ಲಿ ಸಮುದ್ರ ಸುಧಾರಿಸುವುದು ನವೆಂಬರಿನ ನಂತರ. ಅಂಡಮಾನ್ ಯಾಕಲ್ಲ ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ವಾರಗಟ್ಟಲೆ ದೋಣಿಯಲ್ಲೇ ಮಲಗಿ ದ್ವೀಪ ಸುತ್ತುವ ಬಾಡಿಗೆಯ ಏರ್ಪಾಟು ನಮ್ಮ ದೇಶದಲ್ಲಿ ಇನ್ನೂ ಅಷ್ಟಾಗಿ ಬೆಳೆದಿಲ್ಲ. ಇಷ್ಟುದ್ದದ ಕರಾವಳಿ ಇಟ್ಟುಕೊಂಡು ಹೀಗೆ. ಇರಲಿ.

ಹೀಗೆ ಒಂದೊಂದನ್ನೇ ಹೊಡೆದುಹಾಕಿದ ಮೇಲೆ ಉಳಿದದ್ದು ಸೇಷೆಲ್ಸ್. ನೂರಕ್ಕೂ ಹೆಚ್ಚು ದ್ವೀಪಗಳ ದೇಶ. ಸಮಭಾಜಕ ವೃತ್ತಕ್ಕೆ ಹತ್ತಿರ, ಅದರಿಂದ ನಾಲ್ಕೈದು ಡಿಗ್ರಿ ಕೆಳಗೆ. ಅಷ್ಟು ಹತ್ತಿರ ಇರುವುದರಿಂದ ಮುಖ್ಯ ದ್ವೀಪಗಳು ಚಂಡಮಾರುತದ ದಾರಿಯಲ್ಲಿಲ್ಲ. ವೀಸಾದ ರಗಳೆ ಇಲ್ಲ, ಮೊದಲೇ ಆನ್‌ಲೈನಿನಲ್ಲಿ ಪ್ರಯಾಣದ ಅನುಮತಿ ತೆಗೆದುಕೊಂಡರೆ ಆಯಿತು. ಅವರ ದುಡ್ಡಿನ ಹೆಸರೂ ರುಪಾಯಿ. ವಿಮಾನ ಇಳಿಯುವ ದ್ವೀಪ ಮಾಹೆ. "ಕಣ್ಣೂರು ದಾಟಿದ್ರೆ ಸಿಗತ್ತಲ್ಲ, ಅದಕ್ಕೆ ವಿಮಾನ ಯಾಕೆ?" ಎಂದು ಮಾವ ನಿಜವಾಗಿಯೂ ಕೇಳಿದರು.

ಇಷ್ಟೆಲ್ಲ ಗೊತ್ತಿದ್ದೂ ಗಾಳಿಯನ್ನು ನಾನು ಒಂದು ಸಾಲಿನಲ್ಲಿ ಮುಗಿಸಿದ್ದೆ. 'ಅಕ್ಟೋಬರ್: ಹವೆ ಚೆನ್ನಾಗಿರುತ್ತದೆ.' ಹೋಟೆಲ್ ಬುಕ್ ಮಾಡುವವನ ಸಾಲು ಅದು. ದೊಡ್ಡಪ್ಪ ಕೇಳಿದ ಮೇಲೆ ಆ ಸಾಲನ್ನು ಬಿಡಿಸಿ ನೋಡಬೇಕಾಯಿತು.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗಾಳಿ ಆಗ್ನೇಯದಿಂದ. ಜುಲೈ, ಆಗಸ್ಟಿನಲ್ಲಿ ಜೋರು, ಸಮುದ್ರ ಒರಟು. ಡಿಸೆಂಬರಿನಿಂದ ಮಾರ್ಚ್‌ವರೆಗೆ ವಾಯವ್ಯದಿಂದ. ಆಗ ಗಾಳಿ ಮೆತ್ತಗೆ, ಮಳೆ ಜಾಸ್ತಿ. ನಡುವೆ ಏಪ್ರಿಲ್ ಆಸುಪಾಸು ಒಮ್ಮೆ, ಅಕ್ಟೋಬರ್-ನವೆಂಬರಿನಲ್ಲಿ ಇನ್ನೊಮ್ಮೆ, ಗಾಳಿ ಮಗ್ಗುಲು ಬದಲಿಸುತ್ತದೆ. ಆ ಹೊತ್ತಿನಲ್ಲಿ ಕಡಲು ಸಾಮಾನ್ಯವಾಗಿ ಶಾಂತ. ಆದರೆ ಮಗ್ಗುಲು ಬದಲಿಸುವುದು ಕ್ಯಾಲೆಂಡರ್ ನೋಡಿಕೊಂಡಲ್ಲವಲ್ಲ. ಅಕ್ಟೋಬರಿನ ಮೊದಲ ವಾರದಲ್ಲಿ ಆಗ್ನೇಯದ ಗಾಳಿ ಇನ್ನೂ ಉಳಿದಿರಬಹುದು, ಇಲ್ಲವೇ ಮಧ್ಯಾಹ್ನದ ಹೊತ್ತಿಗೆ ಬೇರೆ ಕಡೆಯಿಂದ ಶುರುವಾಗಬಹುದು. ಆಗ್ನೇಯ ಎಂಬ ಪದವನ್ನು ನಾನು ಅಲ್ಲಿಯವರೆಗೆ ಬಳಸಿದ್ದು ಅಡುಗೆಮನೆ ಎಲ್ಲಿರಬೇಕು ಎನ್ನುವ ವಾಸ್ತು ಜಗಳದಲ್ಲಿ ಮಾತ್ರ. ಈಗ ಅದರ ಮೇಲೆ ನಮ್ಮ ನಿದ್ದೆ ನಿಂತಿತ್ತು.

ಓದುತ್ತಾ ಹೋದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಶಾಲೆಯಲ್ಲಿ ಓದಿದ್ದೇ, ಆದರೆ ಪರೀಕ್ಷೆಗೆ ಓದಿದ್ದು. ಮೇ ದಾಟಿದ ಮೇಲೆ ಸೇಷೆಲ್ಸ್ ಕಡೆಯಿಂದ ಬೀಸುವ ಆ ಆಗ್ನೇಯ ಗಾಳಿ ಸಮಭಾಜಕ ವೃತ್ತ ದಾಟಿ ಉತ್ತರಕ್ಕೆ ಬರುತ್ತದೆ. ದಾಟಿದ ಮೇಲೆ, ಭೂಮಿ ತಿರುಗುವ ಕಾರಣಕ್ಕೆ, ಬಲಕ್ಕೆ ಹೊರಳುತ್ತದೆ. ಸೊಮಾಲಿಯಾದ ಕರಾವಳಿ ಸವರಿಕೊಂಡು, ಅರಬ್ಬಿ ಸಮುದ್ರದ ನೀರು ಹೊತ್ತುಕೊಂಡು, ನೈಋತ್ಯದಿಂದ ನಮ್ಮ ಕರಾವಳಿಗೆ ಬಂದು ಬೀಳುತ್ತದೆ. ಅದೇ ಮುಂಗಾರು. ಅವರ ಕಡಲು ಕುದಿಯುವ ತಿಂಗಳುಗಳಲ್ಲೇ ನಮ್ಮಲ್ಲೂ ಕಡಲು ಕುದಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮಲ್ಲಿ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ನಿಷೇಧಕ್ಕೆ ಮೀನು ಮರಿಮಾಡುವ ಕಾಲ ಎಂಬ ಕಾರಣವೂ ಇದೆ. ಆದರೆ ಆ ಗಾಳಿಗೆ ಹೋಗುವವರಾದರೂ ಯಾರು?

ಇದನ್ನು ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂಗಾರೆ ಅದ್ ನಮ್ದೇ ಗಾಳಿ" ಅಂದರು. ಸಂಬಂಧಿಕರೊಬ್ಬರು ಪರವೂರಿನಲ್ಲಿ ಇದ್ದಾರೆ ಎಂದು ಗೊತ್ತಾದ ಹಾಗೆ.

ಆ ಮಾತಿನ ಮೇಲೆ ಹಳೇ ಶೀಟ್ ಅಳಿಸಿ ಹೊಸದು ಶುರುಮಾಡಿದೆ. ಈ ಸಲ ದ್ವೀಪದ ಹೆಸರಿನ ಪಕ್ಕದಲ್ಲಿ ಎರಡು ಕಾಲಂ. ಗಾಳಿ ಆಗ್ನೇಯದಿಂದ ಬಂದರೆ ರಾತ್ರಿ ಎಲ್ಲಿ ನಿಲ್ಲುವುದು, ವಾಯವ್ಯದಿಂದ ಬಂದರೆ ಎಲ್ಲಿ. ಇಷ್ಟು ಬರೆಯಲು ಹೊರಟಾಗಲೇ ಗೊತ್ತಾದದ್ದು, ನಾನು ಹಿಂದೆ ಗುರುತು ಹಾಕಿದ್ದ 'ನೋಡಲೇಬೇಕಾದ' ಬೀಚುಗಳಲ್ಲಿ ಅರ್ಧ ನೋಡಲು ಚೆಂದವೇ ಹೊರತು ಲಂಗರು ಹಾಕಿ ಮಲಗಲು ಅಲ್ಲ.

ಉದಾಹರಣೆಗೆ ಪ್ರಾಲಿನ್ ದ್ವೀಪದ ಆನ್ಸ್ ಲಾಜಿಯೊ. ಫೋಟೋದಲ್ಲಿ ಸ್ವರ್ಗ. ಅದು ದ್ವೀಪದ ವಾಯವ್ಯ ತುದಿಯಲ್ಲಿದೆ. ಗಾಳಿ ಆಗ್ನೇಯದಿಂದ ಬಂದರೆ ಇಡೀ ದ್ವೀಪವೇ ಬೆನ್ನಿಗೆ ಗೋಡೆ, ಹಾಯಾಗಿ ಮಲಗಬಹುದು. ವಾಯವ್ಯದಿಂದ ಬಂದರೆ ಅಲೆ ನೇರ ಒಳಗೇ ನುಗ್ಗುತ್ತದೆ. ಲಾ ಡೀಗ್ ದ್ವೀಪದ ಗ್ರಾಂಡ್ ಆನ್ಸ್ ಇದಕ್ಕೆ ಉಲ್ಟಾ. ಆಗ್ನೇಯ ಗಾಳಿಯ ತಿಂಗಳುಗಳಲ್ಲಿ ಅಲ್ಲಿ ಈಜಲು ಇಳಿಯುವುದೂ ಅಪಾಯ. ಅದೇ ದ್ವೀಪದ ಪಶ್ಚಿಮಕ್ಕಿರುವ ಲಾ ಪಾಸ್ ಬಂದರು ಆಗ ಸುರಕ್ಷಿತ, ಆದರೆ ಚಿಕ್ಕದು, ಜಾಗಕ್ಕೆ ಪೈಪೋಟಿ. ಹೀಗೆ ಪ್ರತಿ ಬೀಚಿಗೂ ಒಂದು ಮುಖ, ಒಂದು ಬೆನ್ನು. ಮೊದಲ ಶೀಟಿನಲ್ಲಿ ನಾನು ಬರೀ ಮುಖ ನೋಡಿದ್ದೆ.

ದೂರದ ಲೆಕ್ಕವೂ ತಲೆಕೆಳಗಾಯಿತು. ಮಾಹೆಯಿಂದ ಪ್ರಾಲಿನ್‌ಗೆ ಸುಮಾರು 45 ಕಿಲೋಮೀಟರ್. ಫೆರಿಯಲ್ಲಿ ಒಂದು ಗಂಟೆ. ನಮ್ಮ ಕ್ಯಾಟಮರಾನ್ ಓಡುವುದು ಐದಾರು ನಾಟ್ ವೇಗದಲ್ಲಿ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್, ಅಂದರೆ ಒಟ್ಟು ಸೈಕಲ್ಲಿನ ವೇಗ. ನಾಲ್ಕೂವರೆ, ಐದು ಗಂಟೆ ಬೇಕು. ಬಾಡಿಗೆ ಒಪ್ಪಂದದ ಪ್ರಕಾರ ಕತ್ತಲಾದ ಮೇಲೆ ದೋಣಿ ಓಡಿಸುವಂತಿಲ್ಲ. ಅಲ್ಲಿ ಸೂರ್ಯ ಮುಳುಗುವುದು ವರ್ಷವಿಡೀ ಸಂಜೆ 6ರ ಆಸುಪಾಸು, ಮುಳುಗಿದ ಮೇಲೆ ಕತ್ತಲಾಗಲು ಹೊತ್ತೇ ಬೇಡ. ಅಷ್ಟೇ ಅಲ್ಲ. ಹವಳದ ದಿಬ್ಬ ಎಲ್ಲಿದೆ, ಮರಳು ಎಲ್ಲಿದೆ ಎಂದು ನೀರಿನ ಬಣ್ಣ ನೋಡಿ ತಿಳಿಯಬೇಕು. ಸೂರ್ಯ ಮೇಲಿದ್ದು, ಬೆನ್ನ ಹಿಂದಿದ್ದರೆ ಕಾಣುತ್ತದೆ. ಎದುರಿಗೆ ಇಳಿದಿದ್ದರೆ ನೀರು ಬರೀ ಕನ್ನಡಿ. ಹಾಗಾಗಿ ಮಧ್ಯಾಹ್ನ 3, ತಪ್ಪಿದರೆ 4ರೊಳಗೆ ಲಂಗರು ಬಿದ್ದಿರಬೇಕು. 'ಸೂರ್ಯಾಸ್ತದ ಹೊತ್ತಿಗೆ ತಲುಪುವುದು' ಎಂದು ನಾನು ಕೆಂಪು ಬಣ್ಣದಲ್ಲಿ ಬರೆದಿದ್ದ ಐದು ಸಾಲು ಹೋದವು.

ಲಂಗರಿನದ್ದೂ ಒಂದು ಲೆಕ್ಕ. ಭಾರದಿಂದ ದೋಣಿ ನಿಲ್ಲುತ್ತದೆ ಎಂದು ನಾನು ಅಂದುಕೊಂಡಿದ್ದೆ. ನಿಲ್ಲಿಸುವುದು ಉದ್ದ. ಆಳದ ನಾಲ್ಕೈದು ಪಟ್ಟು ಸರಪಳಿ ಬಿಡಬೇಕು, ಆಗ ಅದು ನೆಲದ ಮೇಲೆ ಮಲಗಿ ಲಂಗರನ್ನು ಅಡ್ಡಕ್ಕೆ ಎಳೆಯುತ್ತದೆ, ಲಂಗರು ಮರಳಿಗೆ ಕಚ್ಚುತ್ತದೆ. 8 ಮೀಟರ್ ಆಳಕ್ಕೆ 40 ಮೀಟರ್ ಸರಪಳಿ. ಗಾಳಿ ತಿರುಗಿದರೆ ದೋಣಿ ಆ 40 ಮೀಟರಿನ ಸುತ್ತ ತಿರುಗುತ್ತದೆ. ಪಕ್ಕದ ದೋಣಿಯೂ ತಿರುಗುತ್ತದೆ. ಇಬ್ಬರ ವೃತ್ತ ಒಂದಕ್ಕೊಂದು ತಾಗಬಾರದು. ಹವಳದ ಮೇಲಂತೂ ಹಾಕಲೇಬಾರದು. 1998ರಲ್ಲಿ ಸಮುದ್ರ ಬಿಸಿಯಾಗಿ ಈ ದ್ವೀಪಗಳ ಸುತ್ತಲಿನ ಹವಳದ ಬಹುಪಾಲು ಬಿಳಿಚಿ ಸತ್ತಿತ್ತು. ಉಳಿದು ಚಿಗುರಿದ್ದರ ಮೇಲೆ ನಮ್ಮ ಕಬ್ಬಿಣ ಬೇಡ.

ಈಗಿನ ಶೀಟಿನಲ್ಲಿ ಹಳೆಯದರ ಅರ್ಧ ಜಾಗಗಳೂ ಇಲ್ಲ. ಮಾಹೆಯ ಈಡನ್ ಐಲೆಂಡಿನಲ್ಲಿ ಮಧ್ಯಾಹ್ನ ದೋಣಿ ಹತ್ತುವುದು. ಮೊದಲ ರಾತ್ರಿ ಎದುರಿಗೇ ಇರುವ ಸೇಂಟ್ ಆನ್ ಸಾಗರ ಉದ್ಯಾನದಲ್ಲಿ. 1973ರಲ್ಲಿ ಆದದ್ದು. ಅದರೊಳಗೆ ಮೊಯೆನ್ ಎಂಬ ಪುಟ್ಟ ದ್ವೀಪ. 1962ರಲ್ಲಿ ಬ್ರೆಂಡನ್ ಗ್ರಿಮ್‌ಶಾ ಎಂಬ ಇಂಗ್ಲಿಷ್ ಪತ್ರಕರ್ತ ಅದನ್ನು ಕೊಂಡು, ಸ್ಥಳೀಯ ಸಹಾಯಕನೊಬ್ಬನ ಜೊತೆ ಸಾವಿರಾರು ಮರ ನೆಟ್ಟು, 2012ರಲ್ಲಿ ಸಾಯುವವರೆಗೂ ಅಲ್ಲೇ ಬಾಳಿದ. ಇಡೀ ಪ್ಲಾನಿನಲ್ಲಿ ನನ್ನ ಹೆಂಡತಿ ಹಟ ಹಿಡಿದು ಸೇರಿಸಿದ್ದು ಅದೊಂದೇ ಜಾಗ.

ಆಮೇಲೆ ಪ್ರಾಲಿನ್ ಮತ್ತು ಕ್ಯೂರಿಯೂಸ್ ದ್ವೀಪಗಳ ನಡುವೆ ಎರಡು ರಾತ್ರಿ. ಕ್ಯೂರಿಯೂಸಿನಲ್ಲಿ ದೊಡ್ಡ ಆಮೆಗಳು ಬೀದಿ ದನಗಳ ಹಾಗೆ ಓಡಾಡಿಕೊಂಡಿರುತ್ತವೆ. ಒಂದು ಕಾಲಕ್ಕೆ ಕುಷ್ಠರೋಗಿಗಳನ್ನು ತಂದು ಬಿಡುತ್ತಿದ್ದ ದ್ವೀಪ ಅದು, ಆಗಿನ ವೈದ್ಯರ ಮನೆ ಇನ್ನೂ ಇದೆ. ನಂತರ ಲಾ ಡೀಗ್. ಅಲ್ಲಿ ಬಾಡಿಗೆ ಸೈಕಲ್. ಕೊನೆಗೆ ವಾಪಸ್. ಸಿಲುಯೆಟ್, ಫೆಲಿಸಿಟೆ ಎಲ್ಲ 'ಗಾಳಿ ಒಪ್ಪಿದರೆ' ಎಂಬ ಹೊಸ ಕಾಲಂಗೆ ಹೋದವು. ಎರಡು ದಿನ ಪೂರ್ತಿ ಖಾಲಿ ಬಿಟ್ಟಿದ್ದೇನೆ. ಆಫೀಸಿನಲ್ಲಿ ಹೀಗೆ ಖಾಲಿ ಬಿಟ್ಟರೆ ಮ್ಯಾನೇಜರ್ ಕರೆದು ಕೇಳುತ್ತಾರೆ.

ಪ್ರಾಲಿನ್‌ನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ವಾಲೆ ದ ಮೇ ಕಾಡು, 1983ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಕೊಕೊ ಡಿ ಮೇರ್ ಎಂಬ ಜೋಡಿ ತೆಂಗಿನ ಹಾಗೆ ಕಾಣುವ ಕಾಯಿ ಬೆಳೆಯುತ್ತದೆ. ಇಡೀ ಸಸ್ಯಲೋಕದಲ್ಲಿ ಅದಕ್ಕಿಂತ ದೊಡ್ಡ ಬೀಜ ಇಲ್ಲ. ಹೆಸರಿನ ಅರ್ಥ ಕಡಲ ತೆಂಗು. ಒಳಗೆ ಕೊಳೆತು ಟೊಳ್ಳಾದ ಕಾಯಿಗಳು ತೇಲುತ್ತಾ ಮಾಲ್ಡೀವ್ಸಿಗೆ, ಭಾರತದ ದಡಕ್ಕೆ ಬಂದು ಬೀಳುತ್ತಿದ್ದವು. ಮರ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸಮುದ್ರದ ತಳದಲ್ಲಿ ಬೆಳೆಯುತ್ತದೆ ಎಂದೇ ನಂಬಿದ್ದರು. 1768ರಲ್ಲಿ ಪ್ರಾಲಿನ್‌ನ ಕಾಡಿನಲ್ಲಿ ಗುರುತು ಸಿಕ್ಕ ಮೇಲೆ ಗುಟ್ಟು ಬಯಲಾಯಿತು. ಅದರ ಚಿಪ್ಪು ಗಟ್ಟಿ, ಹಾಗಾಗಿ ನಮ್ಮಲ್ಲಿ ಸಾಧುಗಳು ಕಮಂಡಲು ಮಾಡಿಕೊಂಡರು. ನಾನು ಚಿಕ್ಕಂದಿನಲ್ಲಿ ಮಠದಲ್ಲಿ ಕಂಡ ಆ ಕಪ್ಪು ಕಮಂಡಲು ಎಲ್ಲಿಂದ ತೇಲಿ ಬಂದಿತ್ತೋ ಎಂದು ಈಗ ಯೋಚನೆ ಬರುತ್ತದೆ.

ಇನ್ನು ನೀರು. ದೋಣಿಯ ಟ್ಯಾಂಕ್ 650 ಲೀಟರ್. ಎಂಟು ಜನ ನಾವು, ಒಬ್ಬರು ಸ್ಕಿಪ್ಪರ್, ಏಳು ದಿನ. ತಲೆಗೆ ದಿನಕ್ಕೆ 10 ಲೀಟರ್ ಚಿಲ್ಲರೆ. ನಮ್ಮನೆ ಸ್ನಾನದ ಬಕೆಟ್ ಒಂದೇ 18 ಲೀಟರ್ ಹಿಡಿಯುತ್ತದೆ. ಉಪ್ಪುನೀರು ಸಿಹಿ ಮಾಡುವ ಯಂತ್ರ ಇರುವ ದೋಣಿ ಬೇಕೇ ಎಂದು ಕೇಳಿದರು. ದುಡ್ಡು ಜಾಸ್ತಿ, ಜನರೇಟರ್ ಓಡಿಸಬೇಕು, ಡೀಸೆಲ್ ನಮ್ಮ ಖರ್ಚು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬದುಕಿದವರಿಗೆ ಇದೇನು ಮಹಾ ಎಂದು ಹೆಂಗಸರೇ ತೀರ್ಮಾನ ಕೊಟ್ಟರು. ಮೈ ಸಮುದ್ರದಲ್ಲಿ ತೊಳೆಯುವುದು, ಕೊನೆಗೆ ಎರಡು ತಂಬಿಗೆ ಸಿಹಿನೀರು. ಪಾತ್ರೆ ಮೊದಲು ಉಪ್ಪುನೀರಿನಲ್ಲಿ. ಟಾಯ್ಲೆಟ್ಟಿನಲ್ಲಿ ಪೇಪರ್ ಹಾಕುವಂತಿಲ್ಲ, ಪೈಪು ಕಟ್ಟಿಕೊಳ್ಳುತ್ತದೆ. ವಿದೇಶಿ ಪ್ರವಾಸಿಗರಿಗೆ ಇದು ದೊಡ್ಡ ಸಂಕಟವಂತೆ. ನಮಗೆ ಪೇಪರ್ ಬೇಕಾದದ್ದೇ ಯಾವಾಗ? ಅಲ್ಲೊಂದು ಎಳೆಯುವ ಶವರ್ ಇರುತ್ತದೆ, ಸಾಕು.

ಅಡುಗೆಗೆ ಮಿಕ್ಸಿ ಓಡುವುದಿಲ್ಲ ಎಂದಾಗ ಮಾತ್ರ ಒಂದು ಕ್ಷಣ ಮೌನ. ಚಟ್ನಿ ಇಲ್ಲ. ಚಟ್ನಿಪುಡಿ, ಅವಲಕ್ಕಿ, ಹುಳಿಯನ್ನದ ಗೊಜ್ಜು, ಒಂದು ಸಣ್ಣ ಕುಕ್ಕರ್. ಹಣ್ಣು, ತರಕಾರಿ, ಬೀಜ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ದ್ವೀಪದವರು ಹೊರಗಿನ ಹುಳ, ರೋಗಕ್ಕೆ ಹೆದರುತ್ತಾರೆ, ಅವರ ಹೆದರಿಕೆ ನ್ಯಾಯವೇ. ಆದರೆ ಅಲ್ಲಿನ ಅಡುಗೆ ನಮಗೆ ಪರಕೀಯವೇನಲ್ಲ. 1770ರಲ್ಲಿ ಆ ದ್ವೀಪಗಳಲ್ಲಿ ಮೊದಲು ನೆಲೆನಿಂತ ಸಣ್ಣ ಗುಂಪಿನಲ್ಲೇ ಐವರು ಭಾರತೀಯರಿದ್ದರು. ಅವರ ಕ್ರಿಯೋಲ್ ಭಾಷೆಯಲ್ಲಿ ಚಟ್ನಿಗೆ ಸತಿನಿ. ತೆಂಗಿನ ಹಾಲಿನ ಕರಿ ದಿನನಿತ್ಯದ ಊಟ. ಇನ್ನು ಜೀಗುಜ್ಜೆ, ಘಟ್ಟದ ಮೇಲಿನವರು ದೀವಿ ಹಲಸು ಅನ್ನುತ್ತಾರಲ್ಲ, ಅದು ಅಲ್ಲಿ ಹಿತ್ತಲಿಗೊಂದು. ಅಲ್ಲಿ ಜೀಗುಜ್ಜೆ ತಿಂದವರು ಮತ್ತೆ ಸೇಷೆಲ್ಸಿಗೆ ಬರುತ್ತಾರೆ ಎಂದು ಅಲ್ಲಿನವರ ನಂಬಿಕೆ. ಅಮ್ಮನಿಗೆ ಇದನ್ನು ಹೇಳಿದೆ. "ಅದ್ಕೆ ಅಷ್ಟ್ ದೂರ ಹೋಯ್ಕಾ? ಹಿತ್ಲಲ್ಲಿ ಬಿದ್ದ್ ಹಾಳಾತಿತ್ತ್" ಅಂದಳು.

ದುಡ್ಡಿನ ವಿಷಯದಲ್ಲಿ ಒಂದು ಪೆಟ್ಟು ತಿಂದೆವು, ಚಿಕ್ಕದು. ಮೊದಲು ಮಾತಾಡಿದ ಮಧ್ಯವರ್ತಿ ಕಡಿಮೆ ರೇಟು ಹೇಳಿ ಮುಂಗಡ ತೆಗೆದುಕೊಂಡರು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಸ್ಕಿಪ್ಪರ್‌ಗೆ ದಿನಕ್ಕೆ 200 ಯೂರೋ ಬೇರೆ, ಅವರ ಊಟ ನಮ್ಮದು. ಡೀಸೆಲ್ ಬೇರೆ. ಸಾಗರ ಉದ್ಯಾನಗಳ ಶುಲ್ಕ ಬೇರೆ. ಹಾಸಿಗೆ ಹೊದಿಕೆ, ಕೊನೆಯ ದಿನದ ಸ್ವಚ್ಛತೆ ಬೇರೆ. ಮೇಲಿಂದ ದೋಣಿಗೆ ಏಟು ಬಿದ್ದರೆ ಎಂದು ಕಾರ್ಡಿನಲ್ಲಿ 4,000 ಯೂರೋ ಹಿಡಿದಿಡಬೇಕು. ನಮ್ಮ ಮೂವರ ಕಾರ್ಡಿನಲ್ಲಿ ಯಾವುದರ ಮಿತಿಯೂ ಅಷ್ಟಕ್ಕೆ ಹೊಂದಲಿಲ್ಲ. ಮುಂಗಡದಲ್ಲಿ ಸ್ವಲ್ಪ ಕಳೆದುಕೊಂಡು ಅವರನ್ನು ಬಿಟ್ಟೆವು. ಈಗಿನ ಕಂಪನಿಗೆ ಮೊದಲ ಮೇಲ್‌ನಲ್ಲೇ 'ದೋಣಿಯ ಬಾಡಿಗೆ ಬಿಟ್ಟು ಇನ್ನೇನೇನು ಕೊಡಬೇಕು, ಪಟ್ಟಿ ಕೊಡಿ' ಎಂದು ಬರೆದೆ. ಎರಡು ಪುಟದ ಪಟ್ಟಿ ಬಂತು. ನಂಬಿಕೆಯೂ ಬಂತು.

ಸ್ಕಿಪ್ಪರ್ ಎಲ್ಲಿ ಮಲಗುತ್ತಾರೆ ಎಂದು ನಾವ್ಯಾರೂ ಯೋಚಿಸಿರಲಿಲ್ಲ. ನಾಲ್ಕು ಕ್ಯಾಬಿನ್ ಹಂಚಿಕೊಂಡು ಕೂತಿದ್ದೆವು. ದೋಣಿಯ ಮೂತಿಯಲ್ಲಿ, ಮೇಲಿನ ಮುಚ್ಚಳ ತೆಗೆದು ಇಳಿಯುವ ಒಂದು ಗೂಡು ಇರುತ್ತದಂತೆ, ಅವರಿಗೆ ಅದು. ಒಂದು ವಾರ ನಮ್ಮ ಎಂಟು ಜನರ ಜೀವ ನೋಡಿಕೊಳ್ಳುವವರಿಗೆ ಬೆಂಚಿನಷ್ಟು ಅಗಲದ ಹಾಸಿಗೆ. ದೊಡ್ಡಪ್ಪನ ಬೋಟಿನಲ್ಲಿ ಅಷ್ಟೂ ಇರಲಿಲ್ಲ. ಬಲೆಯ ಮೇಲೆ ಗೋಣಿ ಹಾಸಿ ಮಲಗುತ್ತಿದ್ದರು.

ಈ ಮಾತು ಇಲ್ಲಿ ಬಂದದ್ದು ಒಳ್ಳೆಯದೇ ಆಯಿತು. ಇಡೀ ಪ್ಲಾನಿನಲ್ಲಿ ನನ್ನನ್ನು ಸುಮ್ನೆ ಬಿಡದ ವಿಷಯ ಅದು. ನಮ್ಮ ಮನೆಯಲ್ಲಿ ಯಾರೂ ಮೋಜಿಗೆ ದೋಣಿ ಹತ್ತಿದವರಲ್ಲ. ನನ್ನನ್ನು ಬೋಟಿಗೆ ಕಳಿಸಬಾರದೆಂದೇ ದೊಡ್ಡಪ್ಪ ನನ್ನ ಕಾಲೇಜಿನ ಫೀಸು ಕಟ್ಟಿದ್ದು. ಅಳತೆಯ ನೀರು, ಇಕ್ಕಟ್ಟಿನ ಹಾಸಿಗೆ, ಒದ್ದೆ ಬಟ್ಟೆ, ಗಾಳಿ ಹೇಳಿದ ಹಾಗೆ ಬದುಕು. ಇದರಿಂದ ಒಬ್ಬ ಹುಡುಗನನ್ನು ಹೊರಗೆ ತರಲು ಅವರು ಮೂವತ್ತು ವರ್ಷ ಬೆವರು ಸುರಿಸಿದರು. ಆ ಹುಡುಗ ಈಗ ಯೂರೋ ಕೊಟ್ಟು ಅದನ್ನೇ ಒಂದು ವಾರಕ್ಕೆ ಕೊಳ್ಳುತ್ತಿದ್ದಾನೆ. ನೀವೂ ಬನ್ನಿ ದೊಡ್ಡಪ್ಪ, ಟಿಕೆಟ್ ನಾನು ಮಾಡ್ತೇನೆ ಎಂದು ಕರೆದಾಗ ಅವರು ನಕ್ಕದ್ದು ಸರಿಯಾಗಿಯೇ ಇತ್ತು. "ದುಡ್ಡ್ ಕೊಟ್ಟ್ ಕಡ್ಲಿಗ್ ಹೋಪುದಾ ನಾನ್?"

ಬೇಸರದಿಂದ ಹೇಳಿದ್ದಲ್ಲ. ಯಾಕೆಂದರೆ ಅದಾದ ಮರುದಿನವೇ ನಮ್ಮನ್ನು ಮಲ್ಪೆಗೆ ಹೊರಡಿಸಿದವರು ಅವರೇ. ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ ಬನ್ನಿ, ಯಾರ ಹೊಟ್ಟೆ ಹೇಗೆ ಎಂದು ಗೊತ್ತಾಗಲಿ ಎಂದರು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಕೆಳಗೆ ಕೂರಬೇಡಿ. ಮೊಬೈಲ್ ನೋಡಬೇಡಿ, ಕಡಲು ಆಕಾಶ ಸೇರುವ ಗೆರೆ ನೋಡಿ. ಮಾತ್ರೆ ತೆಗೆದುಕೊಳ್ಳುವುದಾದರೆ ಹತ್ತುವ ಮೊದಲೇ, ತಲೆ ತಿರುಗಲು ಶುರುವಾದ ಮೇಲೆ ಅಲ್ಲ. ಮಕ್ಕಳಿಬ್ಬರೂ ಹಾಡುತ್ತಾ ಹೋದರು. ಹೆಂಡತಿ ಫೋಟೋ ತೆಗೆದಳು. ಕಂಬಕಂಬವಾಗಿ ನಿಂತ ಆ ಕಪ್ಪು ಕಲ್ಲುಗಳನ್ನು ನಾನು ಸರಿಯಾಗಿ ನೋಡಲೇ ಇಲ್ಲ. ವಾಂತಿ ಮಾಡಿದ್ದು ನಾನೊಬ್ಬನೇ. ಅರ್ಧ ಗಂಟೆಯೂ ಇಲ್ಲದ ದಾರಿಗೆ. ಮಾಹೆಯಿಂದ ಪ್ರಾಲಿನ್‌ಗೆ ಐದು ಗಂಟೆ, ಆಗ್ನೇಯದ ಗಾಳಿ ಉಳಿದಿದ್ದರೆ ಅಲೆ ಪಕ್ಕದಿಂದ ಬಡಿಯುತ್ತಲೇ ಇರುತ್ತದೆ. ಹೊಸ ಶೀಟಿನಲ್ಲಿ ಆ ದಿನದ ಮುಂದೆ ಮಗಳು ಬರೆದಿದ್ದಾಳೆ: 'ಅಪ್ಪ, ಬಕೆಟ್.'

ಈಗ ಸೆಪ್ಟೆಂಬರಿನ ಕೊನೆ. ಹೊರಡಲು ಹನ್ನೊಂದು ದಿನ. ಸೂಟ್‌ಕೇಸ್ ಇಡಲು ದೋಣಿಯಲ್ಲಿ ಜಾಗವಿಲ್ಲ, ಮಡಚುವ ಬಟ್ಟೆಯ ಚೀಲವೇ ತರಬೇಕು ಎಂದು ಕಂಪನಿಯವರು ಮೂರು ಸಲ ಬರೆದಿದ್ದಾರೆ. ಒಬ್ಬ ಗೆಳೆಯ ಇನ್ನೂ ಚೌಕಾಸಿ ಮಾಡುತ್ತಿದ್ದಾನೆ. ಫೋನಿನಲ್ಲಿ ಗಾಳಿಯ ದಿಕ್ಕು, ವೇಗ ತೋರಿಸುವ ವಿಂಡಿ ಆ್ಯಪ್ ಹಾಕಿಕೊಂಡಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ಪೇಪರಿಗಿಂತ ಮೊದಲು ಅದನ್ನೇ ನೋಡುವುದು. ಹಸಿರು, ನೀಲಿ ಗೆರೆಗಳು ಪ್ರಾಲಿನ್ ಮೇಲಿಂದ ಹರಿದು ಹೋಗುತ್ತವೆ.

ನಿನ್ನೆ ರಾತ್ರಿ ದೊಡ್ಡಪ್ಪನೇ ಫೋನ್ ಮಾಡಿದರು. ಅವರು ತಾವಾಗಿ ಫೋನ್ ಮಾಡುವುದು ಅಪರೂಪ.

"ಇಲ್ಲ್ ಗಾಳಿ ಬಿತ್ತ್" ಅಂದರು. "ಅಲ್ಲ್ ಹ್ಯಾಂಗಿತ್ತ್?"

ಆ್ಯಪ್ ತೆಗೆದು ನೋಡಿದೆ. ಆಗ್ನೇಯ, 12 ನಾಟ್, ಮೊನ್ನೆ 16 ಇತ್ತು, ಇಳೀತಿದೆ ಎಂದೆ.

"ಹೂಂ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾಳೆ ಮತ್ತೊಂದ್ ಸಲ ಕಾಂಬ."